ಎರಡು ಡಿಗ್ರಿ ಒಟ್ಟಿಗೆ: ಓದಿದವರು, ಓದಿಸಿದವರು ಸ್ವಲ್ಪ ಹೇಳಿ

ರಾಜಾಜಿನಗರದ ಅಮ್ಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳು ಸೆಕೆಂಡ್ ಪಿಯುಸಿ ಮುಗಿಸಿದ್ದಾಳೆ. ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ), 96 ಪರ್ಸೆಂಟ್. ಆಸ್ಟ್ರೇಲಿಯಾದ ಒಂದು ಯೂನಿವರ್ಸಿಟಿಯಿಂದ ಆಫರ್ ಬಂದಿದೆ. ಬಿಎ ಒಂದು, ಇಂಟರ್‌ನ್ಯಾಷನಲ್ ಸ್ಟಡೀಸ್ ಒಂದು, ಎರಡೂ ಸೇರಿ 4 ವರ್ಷದ ಡಬಲ್ ಡಿಗ್ರಿ. ಜಾಸ್ತಿ ಅಂಕ ತೆಗೆದವರಿಗೆ ಅಂತಲೇ ಇರುವ ಸ್ಕಾಲರ್ಸ್ ವಿಭಾಗವಂತೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಯಜಮಾನರು ನೆಲಮಂಗಲದ ಹತ್ತಿರ ಇರುವ ಸೈಟ್ ಅಡ ಇಟ್ಟು ಕಳಿಸೋಣ ಅನ್ನುತ್ತಾರೆ. ನಮ್ಮ ಅತ್ತೆ "ಆರ್ಟ್ಸ್ ಓದೋಕೆ ಸಮುದ್ರ ದಾಟಬೇಕಾ" ಅಂತ ದಿನಾ ಕೇಳುತ್ತಾರೆ. ಎರಡು ಡಿಗ್ರಿ ಅಂದರೆ ಓದೂ ಎರಡರಷ್ಟು ಇರುತ್ತದಾ? ಇಲ್ಲೇ ಬೆಂಗಳೂರಿನಲ್ಲಿ ಇದ್ದುಕೊಂಡು ಎರಡು ಮಾಡಿದವರು ಇದ್ದೀರಾ? ಕನ್ಸಲ್ಟೆನ್ಸಿಯವರ ಮಾತು ಕೇಳಿ ಸಾಕಾಗಿದೆ. ಅನುಭವ ಇದ್ದವರು ಹೇಳಿ.

ಬಸವನಗುಡಿಯ ಅಪ್ಪ:

ಮೇಡಂ, ನಮ್ಮ ಮಗಳು ಇದೇ ಥರದ ಕೋರ್ಸಿನ ಮೂರನೇ ವರ್ಷದಲ್ಲಿದ್ದಾಳೆ. ಡಬಲ್ ಡಿಗ್ರಿ ಅಂದರೆ ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಅಂತ ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಅಲ್ಲಿ ಸೆಮಿಸ್ಟರಿಗೆ 4 ಪೇಪರ್, ವರ್ಷಕ್ಕೆ 8. ಒಂದೇ ಡಿಗ್ರಿ ಮಾಡುವವರಿಗೂ ಅಷ್ಟೇ, ಎರಡು ಮಾಡುವವರಿಗೂ ಅಷ್ಟೇ. ಬರೀ ಬಿಎ ಆದರೆ 3 ವರ್ಷಕ್ಕೆ 24 ಪೇಪರ್. ಅದರಲ್ಲಿ ಮೇಜರ್, ಅಂದರೆ ಮುಖ್ಯ ವಿಷಯ ಬಿಟ್ಟು ಉಳಿದ ಬಹಳಷ್ಟು ಪೇಪರ್ ನಮ್ಮಿಷ್ಟದ್ದು. ಡಬಲ್‌ನಲ್ಲಿ ಆ ಇಷ್ಟದ ಜಾಗಕ್ಕೆ ಎರಡನೇ ಡಿಗ್ರಿ ಬಂದು ಕೂರುತ್ತದೆ. ಹಾಗಾಗಿ 6 ವರ್ಷದ್ದು 4 ವರ್ಷದಲ್ಲಿ ಮುಗಿಯುತ್ತದೆ. ಓದು ಎರಡರಷ್ಟು ಆಗುವುದಿಲ್ಲ, ಆಯ್ಕೆ ಅರ್ಧ ಆಗುತ್ತದೆ. ನಮ್ಮವಳಿಗೆ ಸುಮ್ನೆ ಖುಷಿಗೆ ಒಂದು ಸಿನಿಮಾ ಪೇಪರ್ ತಗೋಬೇಕು ಅಂತ ಆಸೆ ಇತ್ತು. ಇವತ್ತಿನವರೆಗೂ ಜಾಗ ಸಿಕ್ಕಿಲ್ಲ.

ಇದು ನಮಗೆ ಅರ್ಥ ಆಗಿದ್ದು ಕನ್ಸಲ್ಟೆನ್ಸಿಯಲ್ಲಲ್ಲ, ಅಡುಗೆಮನೆಯಲ್ಲಿ. ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ 8 ಸಾಲು ಹಾಕಿದೆವು. ಒಂದೊಂದರಲ್ಲಿ 4 ಮನೆ, ಒಟ್ಟು 32. ಚೌಕಾಬಾರದ ಮನೆ ಬರೆದ ಹಾಗೆ. ಯೂನಿವರ್ಸಿಟಿಯ ಹ್ಯಾಂಡ್‌ಬುಕ್ ನೋಡಿಕೊಂಡು ಕಡ್ಡಾಯದ್ದನ್ನೆಲ್ಲ ಪೆನ್ನಿನಲ್ಲಿ ತುಂಬಿಸಿದಳು. ರಾಜಕೀಯ ಶಾಸ್ತ್ರದ ಮೇಜರ್‌ಗೆ 8 ಮನೆ ಹೋಯಿತು. ಜಪಾನೀಸ್ ಭಾಷೆಗೆ 6. ಪರದೇಶದ ಇನ್ನೊಂದು ಯೂನಿವರ್ಸಿಟಿಯಲ್ಲಿ ಕಳೆಯಬೇಕಾದ ಎಕ್ಸ್‌ಚೇಂಜ್ ಸೆಮಿಸ್ಟರಿಗೆ ಇಡೀ ಒಂದು ಸಾಲು. ಮಿಕ್ಕ ಕಡ್ಡಾಯದ ಪೇಪರ್ ಎಲ್ಲ ತುಂಬಿಸಿ ಕೊನೆಗೆ ಉಳಿದದ್ದು 3 ಮನೆ. ಅವಳ ಅಮ್ಮ ದೋಸೆ ಮಗುಚುತ್ತಲೇ "ಇದರಲ್ಲಿ ನಿನಗೆ ಇಷ್ಟವಾದದ್ದು ಎಷ್ಟಿದೆ" ಅಂದಳು. ಹುಡುಗಿ ಎಣಿಸಿ 19 ಅಂದಳು. ಆಮೇಲೆ ನಾವು ಒಪ್ಪಿದ್ದು.

ಒಂದು ಪೆಟ್ಟು ಮಾತ್ರ ತಿಂದೆವು. ನಮ್ಮ ಪಿಯು ರಿಸಲ್ಟ್ ಬರೋದು ಏಪ್ರಿಲ್, ಮೇ ಹೊತ್ತಿಗೆ. ಅಲ್ಲಿಯ ವರ್ಷ ಶುರುವಾಗೋದು ಫೆಬ್ರವರಿ ಕೊನೆಗೆ. ಹಾಗಾಗಿ ಜುಲೈಗೆ ಸೇರಿಸಿದೆವು. ಹೋಗಿ ನೋಡಿದರೆ ಬಿಗಿನರ್ಸ್ ಜಪಾನೀಸ್ ಇರುವುದು ವರ್ಷದ ಮೊದಲ ಸೆಮಿಸ್ಟರಿನಲ್ಲಿ ಮಾತ್ರ. ಭಾಷೆಯ ಪೇಪರ್‌ಗಳು ಸರಪಳಿ ಇದ್ದ ಹಾಗೆ, ಒಂದು ಆಗದೆ ಇನ್ನೊಂದು ಸಿಗುವುದಿಲ್ಲ. ಭಾಷೆ ತಡವಾಯಿತು, ಅದರ ಹಿಂದೆ ಎಕ್ಸ್‌ಚೇಂಜ್ ತಡವಾಯಿತು. ಈಗ ಕೋರ್ಸ್ ಮುಗಿಯೋದು ನಾಲ್ಕೂವರೆ ವರ್ಷಕ್ಕೆ. ಆ ಅರ್ಧ ವರ್ಷದ ಮನೆ ಬಾಡಿಗೆ ಯಾರೂ ಮೊದಲೇ ಲೆಕ್ಕ ಹಾಕಿ ಕೊಡಲಿಲ್ಲ. ಆಫರ್ ಒಪ್ಪಿಕೊಳ್ಳುವ ಮೊದಲು ಪ್ರತಿ ಪೇಪರ್ ಯಾವ ಸೆಮಿಸ್ಟರಿನಲ್ಲಿ ನಡೆಯುತ್ತದೆ ಅಂತ ನೋಡಿ ಮೇಡಂ.

ವಿಜಯನಗರದ ಹುಡುಗ (ಕೋರ್ಸ್ ಮುಗಿಸಿ ವಾಪಸ್ ಬಂದಿರುವವನು):

ಆಂಟಿ, ಅಂಕಲ್ ಹೇಳಿದ್ದು ಸರಿ. ನಾನು ಇನ್ನೊಂದು ವಿಷಯ ಹೇಳುತ್ತೇನೆ. ಸ್ಕಾಲರ್ಸ್ ಅನ್ನುವ ಹೆಸರು ಸಿಗುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ.

ಪಿಯುನಲ್ಲಿ ರಾಜ್ಯಶಾಸ್ತ್ರದಲ್ಲಿ ನನಗೆ 97. ಅಲ್ಲಿ ಮೊದಲ ಪ್ರಬಂಧಕ್ಕೆ ಬಂದದ್ದು 62. 1955ರ ಬಾಂಡುಂಗ್ ಸಮ್ಮೇಳನದ ಬಗ್ಗೆ ಬರೆಯಬೇಕಿತ್ತು. ಹತ್ತು ಮಾರ್ಕಿನ ಪ್ರಶ್ನೆಗೆ ಬರೆಯುವ ಹಾಗೇ ಬರೆದಿದ್ದೆ. ಏಪ್ರಿಲ್ 18ರಿಂದ 24ರವರೆಗೆ ನಡೆಯಿತು, 29 ದೇಶ ಬಂದಿದ್ದವು, ಸುಕಾರ್ನೊ ಉದ್ಘಾಟಿಸಿದರು, ನೆಹರು ಮತ್ತು ಚೌ ಎನ್‌ಲಾಯ್ ಇದ್ದರು. ಕೊನೆಗೆ ಮಹತ್ವ, ಪರಿಣಾಮ. ಒಂದೂ ತಪ್ಪಿರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಒಂದೇ ಸಾಲು ಬರೆದಿದ್ದರು: ಇದೆಲ್ಲ ನಡೆದದ್ದು ಸರಿ, ನೀನು ಏನು ವಾದಿಸುತ್ತಿದ್ದೀಯ? ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ. ಅಮ್ಮ ಇನ್ನೂ ಎಚ್ಚರವಾಗಿದ್ದಳು, ಇಲ್ಲಿ ಏಳೂವರೆ ಅಷ್ಟೇ ಆಗಿತ್ತು.

ನಮ್ಮ ಯೂನಿವರ್ಸಿಟಿಯಲ್ಲಿ 50 ಬಂದರೆ ಪಾಸ್, 65 ದಾಟಿದರೆ ಕ್ರೆಡಿಟ್, 75 ದಾಟಿದರೆ ಡಿಸ್ಟಿಂಕ್ಷನ್, 85 ದಾಟಿದರೆ ಹೈ ಡಿಸ್ಟಿಂಕ್ಷನ್. 90 ಬಂದವರನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ನಮ್ಮ ವಿಭಾಗದಲ್ಲಿ ಉಳಿಯಲು ಸರಾಸರಿ 75 ಬೇಕಿತ್ತು. ಮೊದಲ ವರ್ಷದ ಕೊನೆಗೆ ನನ್ನದು 71. ಸಾಮಾನ್ಯ ಡಬಲ್ ಡಿಗ್ರಿಗೆ ಕಳಿಸಿದರು. ಡಿಗ್ರಿ ಹೋಗಲಿಲ್ಲ, ವೀಸಾಕ್ಕೆ ತೊಂದರೆ ಆಗಲಿಲ್ಲ. ಪ್ರೊಫೆಸರ್ ಜೊತೆ ಮಾಡಬೇಕಿದ್ದ ಸಂಶೋಧನಾ ಪ್ರಾಜೆಕ್ಟ್ ಹೋಯಿತು. ಮರ್ಯಾದೆಯೂ ಸ್ವಲ್ಪ ಹೋಯಿತು ಅನ್ನಿ, ಅದು ಆರು ತಿಂಗಳಿಗೆ ಸರಿಹೋಯಿತು. ನನ್ನ ಜೊತೆ ಇದ್ದ ಒಬ್ಬಳಿಗೆ ಮಾತ್ರ ಫೀಸಿನ ರಿಯಾಯಿತಿಯೂ ಅದೇ ಸರಾಸರಿಗೆ ಅಂಟಿಕೊಂಡಿತ್ತು. ಅವಳಿಗೆ ಬಿದ್ದ ಏಟು ದೊಡ್ಡದು. ನಿಮ್ಮ ಮಗಳ ಸ್ಕಾಲರ್‌ಶಿಪ್‌ಗೆ ಷರತ್ತು ಏನು, ಸರಾಸರಿ ಇಳಿದರೆ ಒಂದು ಸೆಮಿಸ್ಟರ್ ಅವಕಾಶ ಕೊಡುತ್ತಾರಾ, ಇದನ್ನು ಈಮೇಲಿನಲ್ಲಿ ಕೇಳಿ. ಫೋನಿನಲ್ಲಿ ಬೇಡ.

ಹನುಮಂತನಗರದಿಂದ (ಇಲ್ಲೇ ಎರಡು ಮಾಡಿದವಳು):

ಅಕ್ಕಾ, ಇಲ್ಲಿ ಆಗುತ್ತದೆ. 2022ರ ಏಪ್ರಿಲ್‌ನಲ್ಲಿ ಯುಜಿಸಿ ಒಟ್ಟಿಗೆ ಎರಡು ಡಿಗ್ರಿ ಮಾಡಲು ಬಿಟ್ಟಿತು. ಒಂದು ಕಾಲೇಜಿಗೆ ಹೋಗಿ, ಇನ್ನೊಂದು ದೂರಶಿಕ್ಷಣದಲ್ಲಿ ಅಥವಾ ಆನ್‌ಲೈನಿನಲ್ಲಿ. ತರಗತಿ ಸಮಯ ಒಂದರ ಮೇಲೊಂದು ಬೀಳದಿದ್ದರೆ ಎರಡನ್ನೂ ಕಾಲೇಜಿಗೆ ಹೋಗಿಯೇ ಮಾಡಬಹುದು. ನಾನು ಹಗಲು ಇತಿಹಾಸದಲ್ಲಿ ಬಿಎ, ಜೊತೆಗೆ ಇಗ್ನೊದಲ್ಲಿ ರಾಜಕೀಯ ಶಾಸ್ತ್ರ ಮಾಡಿದೆ. ಖರ್ಚು ಬಹಳ ಕಮ್ಮಿ. ಎರಡೂ ಡಿಗ್ರಿಗೆ ಸೇರಿ ಆದದ್ದು ನಮ್ಮಣ್ಣನ ಎಂಜಿನಿಯರಿಂಗ್‌ನ ಒಂದು ವರ್ಷದ ಫೀಸಿಗಿಂತ ಕಡಿಮೆ.

ಆದರೆ ಅಲ್ಲಿಯ ಹಾಗೆ ಯಾರೋ ಕೂತು ಹೊಂದಿಸಿದ ಎರಡು ಡಿಗ್ರಿ ಅಲ್ಲ ಇದು. ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ. ಇಗ್ನೊ ಪರೀಕ್ಷೆ ಜೂನ್ ಮತ್ತು ಡಿಸೆಂಬರ್‌ಗೆ. ನಮ್ಮ ಕಾಲೇಜಿನ ಸೆಮಿಸ್ಟರ್ ಪರೀಕ್ಷೆ ಎರಡು ಸಲ ಅದರ ಮೇಲೇ ಬಂತು. ಕಾಲೇಜು ಆಫೀಸಿನಲ್ಲಿ ಕೇಳಿದರೆ "ನಿಮಗೆ ಎರಡು ಡಿಗ್ರಿ ಮಾಡು ಅಂತ ಹೇಳಿದ್ಯಾರು" ಅಂದರು. ದೂರಶಿಕ್ಷಣದ ಎರಡು ಪೇಪರ್ ಮುಂದಕ್ಕೆ ಹಾಕಿದೆ. ಅಸೈನ್‌ಮೆಂಟ್ ಬೇರೆ ಕೈಯಲ್ಲೇ ಬರೆಯಬೇಕು. ಮಾರ್ಚ್ ತಿಂಗಳೆಲ್ಲ ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಬರೆದಿದ್ದೇನೆ. ಸಂತೆಯಲ್ಲಿ ಒಬ್ಬಳೇ ನಿಂತ ಹಾಗಿರುತ್ತದೆ, ಯಾವ ಮೇಷ್ಟ್ರೂ ನಿಮ್ಮವರಲ್ಲ. ಮಗಳು ತಾನಾಗಿ ಕೂತು ಓದುವವಳಾದರೆ ಸರಿ. ಇನ್ನೊಂದು ಮಾತು, 2024ರಿಂದ ನಮ್ಮ ರಾಜ್ಯದಲ್ಲಿ 4 ವರ್ಷದ್ದು ಹೋಗಿ ಮತ್ತೆ 3 ವರ್ಷದ ಡಿಗ್ರಿ ಬಂದಿದೆ. ಅದು ಲೆಕ್ಕದಲ್ಲಿರಲಿ.

ನಿವೃತ್ತ ಬ್ಯಾಂಕ್ ನೌಕರ, ಚಾಮರಾಜಪೇಟೆ:

ಸೈಟ್ ವಿಷಯಕ್ಕೆ ಮಾತ್ರ ಬರುತ್ತೇನಮ್ಮ. ನೆಲಮಂಗಲದ ಹತ್ತಿರ ಅಂದಿರಿ. ಕನ್ವರ್ಷನ್, ಅಂದರೆ ಕೃಷಿ ಜಮೀನು ಮನೆ ಕಟ್ಟುವ ಜಾಗ ಅಂತ ಬದಲಾಗಿದೆಯಾ? ಲೇಔಟ್‌ಗೆ ಅನುಮೋದನೆ ಇದೆಯಾ? ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಇ-ಸ್ವತ್ತಿನ ಫಾರಂ 9, 11 ಕೈಯಲ್ಲಿದೆಯಾ? ಇವಿಲ್ಲದ ರೆವಿನ್ಯೂ ಸೈಟ್ ಆಗಿದ್ದರೆ ಬ್ಯಾಂಕಿನ ವಕೀಲರು ಮೊದಲ ಪುಟದಲ್ಲೇ ಬೇಡ ಅಂದುಬಿಡುತ್ತಾರೆ. ಮಗುವಿಗೆ ಆಫರ್ ಬಂದು, ಬಟ್ಟೆಬರೆ ಕೊಂಡು, ಕೊನೆಗೆ ಕಾಗದ ಸರಿಯಿಲ್ಲ ಅಂತ ಕೌಂಟರ್ ಮುಂದೆ ಅತ್ತವರನ್ನು ನಾನು ಕಣ್ಣಾರೆ ನೋಡಿದ್ದೇನೆ. 7.5 ಲಕ್ಷ ದಾಟಿದ ಸಾಲಕ್ಕೆ ಸರ್ಕಾರಿ ಬ್ಯಾಂಕ್‌ಗಳು ಸಾಮಾನ್ಯವಾಗಿ ಆಸ್ತಿ ಕೇಳುತ್ತವೆ. ನಿಮ್ಮದು ಅದನ್ನು ಎಷ್ಟೋ ಪಟ್ಟು ದಾಟುತ್ತದೆ. ಆಸ್ಟ್ರೇಲಿಯಾದಲ್ಲಿ ಆರ್ಟ್ಸ್ ಕೋರ್ಸಿಗೂ ವರ್ಷಕ್ಕೆ ಹೆಚ್ಚುಕಮ್ಮಿ 30 ಸಾವಿರ ಆಸ್ಟ್ರೇಲಿಯನ್ ಡಾಲರಿನಿಂದ 50 ಸಾವಿರದವರೆಗೆ ಫೀಸ್ ಇರುತ್ತದೆ, ಊಟ ವಸತಿ ಬೇರೆ. ವೀಸಾ ಅರ್ಜಿಗೇ 2025ರ ಜುಲೈಯಿಂದ 2000 ಆಸ್ಟ್ರೇಲಿಯನ್ ಡಾಲರ್. ವೀಸಾ ಸಿಗದಿದ್ದರೆ ಆ ದುಡ್ಡು ವಾಪಸ್ ಇಲ್ಲ.

ಮಗಳು ಪಾರ್ಟ್ ಟೈಮ್ ದುಡಿದು ತೀರಿಸುತ್ತಾಳೆ ಅನ್ನುವ ಲೆಕ್ಕ ಹಾಕಬೇಡಿ. ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ. 75 ಸರಾಸರಿ ಬೇಕಾದವಳು ಅಷ್ಟನ್ನೂ ಮಾಡಲಾರಳು. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಬಡ್ಡಿ ಮಾತ್ರ ನಿದ್ದೆ ಮಾಡುವುದಿಲ್ಲ.

ಮಲ್ಲೇಶ್ವರದಿಂದ, ಕಾಲೇಜಿನಲ್ಲಿ ಪಾಠ ಮಾಡುವವಳು:

ನಿಮ್ಮ ಅತ್ತೆಯವರಿಗೆ ಹೇಳಿ, ಯುಪಿಎಸ್‌ಸಿ ಬರೆದು ವಿದೇಶಾಂಗ ಸೇವೆಗೆ ಹೋಗಲು ಯಾವುದಾದರೂ ಒಂದು ಡಿಗ್ರಿ ಸಾಕು, ಎರಡು ಬೇಡ. ಹಾಗಾಗಿ ಬರೀ ಅದಕ್ಕಾಗಿ ಕಳಿಸುವುದಾದರೆ ನನ್ನ ಮಟ್ಟಿಗೆ ದಂಡ. ಭಾಷೆ, ಎಕ್ಸ್‌ಚೇಂಜ್, ಮುಂದೆ ಸಂಶೋಧನೆ, ಇವಕ್ಕಾಗಿ ಆದರೆ ಯೋಚಿಸಬಹುದು. ವಾಪಸ್ ಬಂದು ಇಲ್ಲಿ ಎಂಎ ಸೇರುವುದಾದರೆ ವಿದೇಶದ ಡಿಗ್ರಿಗೆ ಸಮಾನತೆಯ ಪ್ರಮಾಣಪತ್ರ ಕೇಳಬಹುದು. ಅಂಕಪಟ್ಟಿ, ಕೋರ್ಸ್ ವಿವರ ಎಲ್ಲ ಆಗಿಂದಾಗಲೇ ಎತ್ತಿಟ್ಟುಕೊಳ್ಳಲಿ.

ಫ್ರೆಂಚ್ ಅಥವಾ ಜರ್ಮನ್ ತಗೊಳ್ಳುವವಳಾದರೆ ಈಗಲೇ ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಅಥವಾ ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಕಳಿಸಿ. ಎ1, ಅಂದರೆ ಮೊದಲ ಹಂತ ಮಾಡಿಕೊಂಡು ಹೋದರೆ ಬಸವನಗುಡಿಯವರು ಹೇಳಿದ ಆ ಸರಪಳಿಯಲ್ಲಿ ಒಂದು ಕೊಂಡಿ ದಾಟಿ ಶುರು ಮಾಡಲು ಬಿಡಬಹುದು. ಅಲ್ಲಿಯ ಯೂನಿವರ್ಸಿಟಿಯವರು ಭಾಷಾ ಪರೀಕ್ಷೆ ಇಟ್ಟು ಯಾವ ಹಂತ ಅಂತ ನೋಡುತ್ತಾರೆ. ಅದಕ್ಕಿಂತ ಮೊದಲು ಒಂದು ಸಂಜೆ ಅವಳ ಕೈಯಲ್ಲಿ ಎರಡು ಪುಟ ಬರೆಸಿ. ಟಿಪ್ಪಣಿ ನೋಡದೆ, ಅವಳದೇ ಅಭಿಪ್ರಾಯ, ಕಾರಣ ಕೊಟ್ಟು. 96 ಪರ್ಸೆಂಟ್ ಹೇಳದ್ದನ್ನು ಅದು ಹೇಳುತ್ತದೆ.

ರಾಜಾಜಿನಗರದ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರು ಸೋಮವಾರ ಸೈಟ್ ಕಾಗದ ತಗೊಂಡು ಬ್ಯಾಂಕಿಗೆ ಹೋಗಿದ್ದರು. ಫಾರಂ 9, 11 ಇದೆ, ಲೇಔಟ್ ಅನುಮೋದನೆಯ ಪ್ರತಿ ಸಿಕ್ಕಿಲ್ಲ. ಹುಡುಕುತ್ತಿದ್ದಾರೆ. ಎರಡು ಪುಟ ಬರೆಸಿದೆ. ಕಾವೇರಿ ನೀರಿನ ಬಗ್ಗೆ ಬರೆದಳು. ಮೊದಲ ಪುಟ ಪೂರ್ತಿ ಇಸವಿಗಳು. ಎರಡನೇ ಪುಟ ಹರಿದು ಹಾಕಿ ಮತ್ತೆ ಬರೆದಳು, ಅದು ಚೆನ್ನಾಗಿತ್ತು. ಅತ್ತೆಗೆ ಓದಿ ಹೇಳಿದಾಗ ಅವರು "ತಮಿಳುನಾಡಿನವರ ಕಡೆಯ ನ್ಯಾಯ ಯಾಕೆ ಬರೆದಿಲ್ಲ" ಅಂತ ಕೇಳಿ ಎಲ್ಲರನ್ನೂ ಸುಮ್ಮನಾಗಿಸಿದರು.

ಕ್ಯಾಲೆಂಡರ್ ಹಿಂದೆ 32 ಮನೆ ಹಾಕಿದ್ದಾಳೆ. 5 ಖಾಲಿ ಉಳಿದಿವೆ. ಭಾಷೆ ಫ್ರೆಂಚ್. ಅದೂ ವರ್ಷದ ಮೊದಲ ಸೆಮಿಸ್ಟರಿಗೇ ಶುರು. ಬಸವನಗುಡಿಯ ಸರ್, ಜುಲೈ ಬಿಟ್ಟು ಫೆಬ್ರವರಿಗೆ ಹೋದರೆ ಈಗಿರುವ ಆಫರ್ ಉಳಿಯುತ್ತದಾ?

ಬಸವನಗುಡಿಯ ಅಪ್ಪ:

ಆಫರ್ ಪತ್ರದಲ್ಲೇ ಡಿಫರ್ ಅಂತ ಒಂದು ಪ್ಯಾರಾ ಇರಬೇಕು ಮೇಡಂ, ಕೊನೆಯ ಪುಟಗಳಲ್ಲಿ ಹುಡುಕಿ. ಸೀಟ್ ಮುಂದೂಡಿದರೆ ಸ್ಕಾಲರ್‌ಶಿಪ್ಪೂ ಜೊತೆಗೆ ಬರುತ್ತದಾ ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಒಂದೇ ಈಮೇಲಿನಲ್ಲಿ ಕೇಳಿ.