ಕೋರ್ಟ್ ಕಾಗದದಲ್ಲಿರುವ ಲ್ಯಾಟಿನ್, ಇಂಗ್ಲಿಷ್ ಪದಗಳು: ಅನುಭವ ಇದ್ದವರು ಹೇಳಿ

ಕೇಳಿದವರು:
ಎಲ್ಲರಿಗೂ ನಮಸ್ಕಾರ. ನಮ್ಮೂರು ತಿಪಟೂರು ಕಡೆ, ನಾನಿರುವುದು ಬೆಂಗಳೂರಿನಲ್ಲಿ. ಹೋದ ವಾರ ಕೋರ್ಟಿನ ಅಮೀನರು ಮನೆಗೆ ಬಂದು ಅಪ್ಪನಿಗೆ ಸಮನ್ಸ್ ಕೊಟ್ಟು ಸಹಿ ಹಾಕಿಸಿಕೊಂಡು ಹೋಗಿದ್ದಾರೆ. ಅಜ್ಜನ ಕಾಲದ ತೆಂಗಿನ ತೋಟದಲ್ಲಿ ಪಾಲು ಕೇಳಿ ದೊಡ್ಡಪ್ಪನ ಮಕ್ಕಳು ದಾವೆ ಹಾಕಿದ್ದಾರೆ. ಜೊತೆಗೆ ಬಂದ ಕಾಗದದ ತುಂಬ ಎಕ್ಸ್‌ಪಾರ್ಟಿ, ಆಡ್ ಇಂಟರಿಂ, ಸ್ಟೇಟಸ್ ಕೋ, ಪ್ರೈಮಾ ಫೇಸಿ, ಮೀನ್ ಪ್ರಾಫಿಟ್ಸ್, ಮೀಟ್ಸ್ ಅಂಡ್ ಬೌಂಡ್ಸ್ ಇಂಥವೇ. ವಕೀಲರನ್ನು ನೋಡಿದ್ದೇವೆ, ಒಳ್ಳೆಯವರು, ಆದರೆ ಕೋರ್ಟ್ ಹೊತ್ತಿನಲ್ಲಿ ಅವರಿಗೆ ಕೂತು ಬಿಡಿಸಿ ಹೇಳಲು ಪುರುಸೊತ್ತಿಲ್ಲ. ಪದದ ಅರ್ಥ ಫೋನಿನಲ್ಲಿ ಸಿಗುತ್ತದೆ. ಆ ಪದ ಕಾಗದದಲ್ಲಿ ಬಂದಾಗ ನಾವು ಏನು ಮಾಡಬೇಕು, ಎಷ್ಟು ದಿನದೊಳಗೆ ಮಾಡಬೇಕು, ಅದು ಗೊತ್ತಾಗುತ್ತಿಲ್ಲ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಮೈಸೂರಿನ ವಕೀಲೆ, ಸಿವಿಲ್ ಕೇಸುಗಳು:
ಮೊದಲು ಎಕ್ಸ್‌ಪಾರ್ಟಿ ಬಗ್ಗೆ ಹೇಳಿಬಿಡುತ್ತೇನೆ. ಜನ ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ. ಅರ್ಥ ಅಷ್ಟೇ, ಒಂದು ಕಡೆಯವರ ಮಾತು ಮಾತ್ರ ಕೇಳಿ ಮುಂದುವರಿಯುವುದು. ಈ ಪದ ಎರಡು ಕಡೆ ಬರುತ್ತದೆ, ಎರಡೂ ಬೇರೆ ಬೇರೆ.

ಒಂದು, ನಿಮಗೆ ಈಗ ಬಂದಿರುವುದು. ದಾವೆ ಹಾಕಿದ ದಿನವೇ ಎದುರಿನವರು ತಡೆಯಾಜ್ಞೆ ಕೇಳಿದ್ದಾರೆ, ತುರ್ತು ಇದೆ ಅಂತ ಅನಿಸಿ ನ್ಯಾಯಾಧೀಶರು ನಿಮ್ಮ ಮಾತು ಕೇಳುವ ಮುಂಚೆಯೇ ಒಂದು ಆದೇಶ ಕೊಟ್ಟಿದ್ದಾರೆ. ಆಡ್ ಇಂಟರಿಂ ಅಂದರೆ ಅಷ್ಟೇ, ನೀವು ಬಂದು ಹೇಳುವ ತನಕ ಸದ್ಯಕ್ಕೆ. ಇದರಿಂದ ನೀವು ಸೋತಂತೆ ಆಗುವುದಿಲ್ಲ. ನೀವು ಹಾಜರಾಗಿ ಆ ಅರ್ಜಿಗೆ ತಕರಾರು ಸಲ್ಲಿಸಬೇಕು. ಇಂಥ ಆದೇಶ ಕೊಟ್ಟ ಮೇಲೆ 30 ದಿನದೊಳಗೆ ಆ ಅರ್ಜಿಯನ್ನು ತೀರ್ಮಾನ ಮಾಡಲು ಕೋರ್ಟ್ ಪ್ರಯತ್ನಿಸಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆರ್ಡರಿನಲ್ಲೇ ಇದೆ. ಬೇಗ ಹೋದಷ್ಟೂ ನಿಮಗೇ ಒಳ್ಳೆಯದು.

ಪ್ರೈಮಾ ಫೇಸಿ ಬರುವುದೂ ಇಲ್ಲೇ. ತಡೆಯಾಜ್ಞೆ ಕೊಡುವ ಮುಂಚೆ ಕೋರ್ಟ್ ಮೂರು ವಿಷಯ ನೋಡುತ್ತದೆ. ಮೇಲ್ನೋಟಕ್ಕೆ ಕೇಸಿನಲ್ಲಿ ಹುರುಳಿದೆಯಾ, ಕೊಟ್ಟರೆ ಯಾರಿಗೆ ತೊಂದರೆ ಜಾಸ್ತಿ, ಕೊಡದಿದ್ದರೆ ಮುಂದೆ ದುಡ್ಡಿನಿಂದ ಸರಿ ಮಾಡಲಾಗದ ನಷ್ಟ ಆಗುತ್ತದಾ. ನಿಮ್ಮ ತಕರಾರು ಈ ಮೂರಕ್ಕೂ ಉತ್ತರ ಕೊಡಬೇಕು. ಆದೇಶದಲ್ಲಿ ಪ್ರೈಮಾ ಫೇಸಿ ಕೇಸ್ ಇದೆ ಅಂತ ಬರೆದಿದ್ದರೆ ಅಪ್ಪನಿಗೆ ಗಾಬರಿ ಬೇಡ ಅಂತ ಹೇಳಿ. ಸಾಕ್ಷಿ ವಿಚಾರಣೆ ಇನ್ನೂ ಶುರುವೇ ಆಗಿಲ್ಲ.

ಇನ್ನೊಂದು ಎಕ್ಸ್‌ಪಾರ್ಟಿ ನಿಜವಾಗಿ ಭಯಪಡಬೇಕಾದದ್ದು. ಸಮನ್ಸ್ ಜಾರಿಯಾಗಿಯೂ ನೀವು ಹೋಗಲಿಲ್ಲ ಅಂದುಕೊಳ್ಳಿ. ಆರ್ಡರ್ ಶೀಟಿನಲ್ಲಿ, ಅಂದರೆ ಪ್ರತಿ ವಾಯಿದೆಯಲ್ಲಿ ನಡೆದದ್ದನ್ನು ಕೋರ್ಟ್ ಬರೆದಿಡುವ ಹಾಳೆಯಲ್ಲಿ, ಒಂದನೇ ಪ್ರತಿವಾದಿಯನ್ನು ಕೂಗಿಸಲಾಯಿತು, ಗೈರುಹಾಜರು, ಪ್ಲೇಸ್ಡ್ ಎಕ್ಸ್‌ಪಾರ್ಟಿ ಅಂತ ಒಂದು ಸಾಲು ಬೀಳುತ್ತದೆ. ಅಲ್ಲಿಂದ ಮುಂದೆ ಕೇಸು ನಿಮ್ಮನ್ನು ಬಿಟ್ಟು ನಡೆಯುತ್ತದೆ. ಸಮನ್ಸ್ ತೆಗೆದುಕೊಳ್ಳದಿದ್ದರೆ ಕೇಸು ನಿಲ್ಲುತ್ತದೆ ಅಂತ ಊರ ಕಡೆ ಈಗಲೂ ನಂಬುತ್ತಾರೆ, ಅಮೀನರು ಬಂದರೆ ಹಿತ್ತಲ ಬಾಗಿಲಿಂದ ಹೊರಟುಬಿಡುತ್ತಾರೆ. ನಿರಾಕರಿಸಿದರು ಅಂತ ಅಮೀನರು ಷರಾ ಬರೆದರೆ ಕೋರ್ಟ್ ಅದನ್ನು ಜಾರಿಯಾದಂತೆಯೇ ತೆಗೆದುಕೊಳ್ಳುತ್ತದೆ. ನಿಮ್ಮ ಅಪ್ಪ ಸಹಿ ಹಾಕಿ ತೆಗೆದುಕೊಂಡದ್ದು ಸರಿಯಾಯಿತು.

ಅಕಸ್ಮಾತ್ ಹಾಗೆ ಎಕ್ಸ್‌ಪಾರ್ಟಿ ಆಗಿದ್ದರೆ, ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಆಗುವ ಮುಂಚೆ ಬಂದು ಯಾಕೆ ಬರಲಿಲ್ಲ ಅಂತ ಸರಿಯಾದ ಕಾರಣ ಕೊಟ್ಟು ಸೇರಿಕೊಳ್ಳಬಹುದು. ಡಿಕ್ರಿಯೇ ಆಗಿಬಿಟ್ಟಿದ್ದರೆ ಅದನ್ನು ರದ್ದು ಮಾಡಿ ಅಂತ 30 ದಿನದೊಳಗೆ ಅರ್ಜಿ ಹಾಕಬೇಕು. ಸಮನ್ಸ್ ಸರಿಯಾಗಿ ಜಾರಿಯೇ ಆಗಿರಲಿಲ್ಲ ಅಂದರೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ 30 ದಿನ.

ನಿಮ್ಮ ಮಟ್ಟಿಗೆ ಈಗ ಮುಖ್ಯ ದಿನಾಂಕ ಸಮನ್ಸ್ ಕೈಗೆ ಬಂದ ದಿನ. ಅಲ್ಲಿಂದ 30 ದಿನದಲ್ಲಿ ರಿಟನ್ ಸ್ಟೇಟ್‌ಮೆಂಟ್, ಅಂದರೆ ನಿಮ್ಮ ಲಿಖಿತ ಜವಾಬು, ಹೋಗಬೇಕು. ಕಾರಣ ಕೊಟ್ಟರೆ ಕೋರ್ಟ್ 90 ದಿನದವರೆಗೆ ವಿಸ್ತರಿಸಬಹುದು. ಆ ದಿನಾಂಕ ಕ್ಯಾಲೆಂಡರಿನಲ್ಲಿ ಬರೆದಿಡಿ.

ಶಿರಸಿ ಕಡೆಯ ಅಡಿಕೆ ಬೆಳೆಗಾರ:
ಮೇಡಂ ಎಲ್ಲ ಹೇಳಿದ್ದಾರೆ, ನಾನು ಸ್ಟೇಟಸ್ ಕೋ, ಅಂದರೆ ಯಥಾಸ್ಥಿತಿ, ಅದೊಂದರ ಬಗ್ಗೆ ಸೇರಿಸುತ್ತೇನೆ. ನಮ್ಮ ತೋಟದ ಮೇಲೆ ಈ ಆದೇಶ ಬಂದಾಗ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಲಿನ ಹೊತ್ತು. ಮರ ಹತ್ತಿ ಕೊಯ್ಯುವ ಕೊನೆಗೌಡರು ಬಂದು ನಿಂತಿದ್ದಾರೆ, ಎದುರಿನವರು ಬೇಲಿ ಆಚೆಯಿಂದ ಸ್ಟೇಟಸ್ ಕೋ ಇದೆ, ಒಂದು ಕೊನೆ ಮುಟ್ಟಿದರೂ ಜೈಲು ಅಂತ ಕೂಗುತ್ತಿದ್ದಾರೆ. ಅಡಿಕೆ ಕಾಯುತ್ತದಾ? ನಮ್ಮ ವಕೀಲರಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ಯಾವುದರ ಯಥಾಸ್ಥಿತಿ ಅಂತ. ಆದೇಶದ ಕೊನೆಯ ಪ್ಯಾರಾ ಓದಿಸಿದರು. ಅದರಲ್ಲಿ ಜಮೀನನ್ನು ಪರಭಾರೆ ಮಾಡಬಾರದು, ಅದರ ಸ್ವರೂಪ ಬದಲಾಯಿಸಬಾರದು ಅಂತ ಇತ್ತು. ಅಂದರೆ ಮಾರುವ ಹಾಗಿಲ್ಲ, ದಾನಪತ್ರ ಬರೆಯುವ ಹಾಗಿಲ್ಲ, ಮರ ಕಡಿದು ಸೈಟ್ ಮಾಡುವ ಹಾಗಿಲ್ಲ. ಬೆಳೆ ತೆಗೆಯಬಾರದು ಅಂತ ಎಲ್ಲೂ ಇರಲಿಲ್ಲ. ಆದರೂ ಅವರು ಸುಮ್ನೆ ಕೊಯ್ಯಿರಿ ಅನ್ನಲಿಲ್ಲ. ಕೋರ್ಟಿಗೆ ಮೆಮೊ ಹಾಕಿ ವಿಷಯ ತಿಳಿಸಿ, ಲೆಕ್ಕ ಇಡುತ್ತೇವೆ ಅಂತ ಬರೆದುಕೊಟ್ಟು, ಆಮೇಲೆ ಕೊಯ್ಲು ಮಾಡಿಸಿದರು.

ಹಾಗಾಗಿ ನೀವು ಆದೇಶದ ದೃಢೀಕೃತ ನಕಲು ತೆಗೆದುಕೊಂಡು ಯಾವುದರ ಯಥಾಸ್ಥಿತಿ ಅಂತ ಒಂದೊಂದು ಪದವನ್ನೂ ಓದಿಸಿ. ಸ್ವಾಧೀನದ್ದೋ, ಮಾರಾಟದ್ದೋ, ಎರಡೂನೋ? ಬರೀ ಯಥಾಸ್ಥಿತಿ ಕಾಪಾಡಿ ಅಂತ ಒಂದೇ ಸಾಲು ಇದ್ದರೆ ಸ್ಪಷ್ಟ ಮಾಡಿಸಿಕೊಳ್ಳಲು ಅರ್ಜಿ ಹಾಕಿಸಿ, ಅಂಥ ಆದೇಶಕ್ಕೆ ಇಬ್ಬರೂ ತಮಗೆ ಬೇಕಾದ ಅರ್ಥ ಮಾಡಿಕೊಂಡು ತೋಟದಲ್ಲಿ ಹೊಡೆದಾಡಿಕೊಳ್ಳುತ್ತಾರೆ. ಆದೇಶ ಮೀರಿದರೆ ಆಸ್ತಿ ಜಪ್ತಿ ಮಾಡುವ, 3 ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸುವ ಅಧಿಕಾರ ಕೋರ್ಟಿಗೆ ಇದೆ. ತೆಂಗಿನಕಾಯಿ ಮಾರಿದ ಪಟ್ಟಿ, ಕೂಲಿ ಕೊಟ್ಟ ಚೀಟಿ, ಗೊಬ್ಬರದ ಬಿಲ್ಲು ಎಲ್ಲ ಒಂದು ಫೈಲಿನಲ್ಲಿ ಹಾಕಿಡಿ. ಮುಂದೆ ಬೇಕಾಗುತ್ತದೆ.

ಕೇಳಿದವರು:
ತುಂಬ ಧನ್ಯವಾದ. ನಮ್ಮ ಕಾಗದದಲ್ಲಿ ಪರಭಾರೆ ಮಾತ್ರ ಇದೆ, ಈಗಷ್ಟೇ ನೋಡಿದೆ. ಮೀನ್ ಪ್ರಾಫಿಟ್ಸ್ ಅಂದರೆ ಇಷ್ಟು ವರ್ಷದ ತೆಂಗಿನಕಾಯಿ ದುಡ್ಡನ್ನೆಲ್ಲ ವಾಪಸ್ ಕೇಳುತ್ತಿದ್ದಾರಾ? ಅಪ್ಪನಿಗೆ ಅದೇ ದೊಡ್ಡ ಚಿಂತೆ.

ನಿವೃತ್ತ ಶಿರಸ್ತೇದಾರರು:
ಮೀನ್ ಪ್ರಾಫಿಟ್ಸ್ ಅಂದರೆ ಹಕ್ಕಿಲ್ಲದೆ ಸ್ವಾಧೀನದಲ್ಲಿ ಇದ್ದವರು ಆ ಆಸ್ತಿಯಿಂದ ಪಡೆದ ಲಾಭ, ಅಥವಾ ಸಾಮಾನ್ಯ ಶ್ರದ್ಧೆ ಇಟ್ಟಿದ್ದರೆ ಪಡೆಯಬಹುದಾಗಿದ್ದ ಲಾಭ, ಬಡ್ಡಿ ಸಮೇತ. ದಾವೆಯಲ್ಲಿ ಕೇಳಿದ ಮಾತ್ರಕ್ಕೆ ಸಿಗುವುದಿಲ್ಲ. ಹಕ್ಕಿಲ್ಲದ ಸ್ವಾಧೀನ ಅಂತ ಮೊದಲು ತೀರ್ಮಾನ ಆಗಬೇಕು, ಪಾಲುದಾರರ ನಡುವೆ ಅದು ಅಷ್ಟು ಸುಲಭವಲ್ಲ. ಎಷ್ಟು ಅನ್ನುವುದಕ್ಕೆ ಸಾಮಾನ್ಯವಾಗಿ ಬೇರೆ ವಿಚಾರಣೆಯೇ ನಡೆಯುತ್ತದೆ. ಅಪ್ಪನವರಿಗೆ ಸಮಾಧಾನದ ಮಾತು ಒಂದಿದೆ. ಸ್ವಾಧೀನದಲ್ಲಿದ್ದವರು ತಾವೇ ಮಾಡಿದ ಅಭಿವೃದ್ಧಿಯಿಂದ ಬಂದ ಲಾಭ ಈ ಲೆಕ್ಕಕ್ಕೆ ಸೇರುವುದಿಲ್ಲ, ಕಾನೂನಿನ ವ್ಯಾಖ್ಯೆಯಲ್ಲೇ ಹಾಗಿದೆ. ಕೊಳವೆಬಾವಿ ಕೊರೆಸಿದ್ದು, ಡ್ರಿಪ್ ಹಾಕಿಸಿದ್ದು, ಹೊಸ ಸಸಿ ಇಟ್ಟದ್ದು ನಿಮ್ಮ ತಂದೆಯೇ ಆದರೆ ಅದರ ರಸೀದಿ, ಬ್ಯಾಂಕ್ ಸಾಲದ ಕಾಗದ, ಕರೆಂಟ್ ಕನೆಕ್ಷನ್ ಯಾರ ಹೆಸರಿನಲ್ಲಿದೆ ಎಲ್ಲ ಹುಡುಕಿ ಇಡಿ. ಶಿರಸಿಯವರು ಹೇಳಿದ ಫೈಲು ಇಲ್ಲಿ ಕೆಲಸಕ್ಕೆ ಬರುತ್ತದೆ.

ಮೀಟ್ಸ್ ಅಂಡ್ ಬೌಂಡ್ಸ್ ಅಂದರೆ ಅಳತೆ ಮಾಡಿ ಚಕ್ಕುಬಂದಿ ಹಾಕಿ ಅವರವರ ಪಾಲು ಬೇರೆ ಮಾಡಿಕೊಡುವುದು. ಪಾಲಿನ ದಾವೆಯಲ್ಲಿ ಡಿಕ್ರಿ ಎರಡು ಹಂತದಲ್ಲಿ ಬರುತ್ತದೆ. ಪ್ರಿಲಿಮಿನರಿ ಡಿಕ್ರಿಯಲ್ಲಿ ಯಾರಿಗೆ ಎಷ್ಟನೇ ಪಾಲು ಅಂತ ಮಾತ್ರ ಹೇಳುತ್ತಾರೆ. ಯಾವ ಕಡೆಯ ತೆಂಗು ಯಾರಿಗೆ, ದಾರಿ ಎಲ್ಲಿ, ಬಾವಿ ಯಾರ ಭಾಗಕ್ಕೆ ಅನ್ನುವುದು ಫೈನಲ್ ಡಿಕ್ರಿಯಲ್ಲಿ. ಈ ಹಂತಕ್ಕೆ ಜನ ಎಫ್‌ಡಿಪಿ, ಅಂದರೆ ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್, ಅನ್ನುತ್ತಾರೆ. ಮನೆ, ಸೈಟು ಆದರೆ ಕೋರ್ಟ್ ಕಮಿಷನರ್ ಬಂದು ಅಳೆಯುತ್ತಾರೆ. ಕಂದಾಯದ ಜಮೀನಾದರೆ ಜಿಲ್ಲಾಧಿಕಾರಿಗಳ ಮೂಲಕ ಸರ್ವೆ ಇಲಾಖೆಗೆ ಹೋಗುತ್ತದೆ. ಕೇಸು ಗೆದ್ದೆವು ಅಂತ ಪ್ರಿಲಿಮಿನರಿ ಡಿಕ್ರಿಯ ನಕಲನ್ನು ಪೆಟ್ಟಿಗೆಯಲ್ಲಿಟ್ಟು ವರ್ಷಗಟ್ಟಲೆ ಸುಮ್ಮನಾದವರನ್ನು ನಾನು ನಕಲು ವಿಭಾಗದಲ್ಲಿ ಬೇಕಾದಷ್ಟು ನೋಡಿದ್ದೇನೆ. ಅಷ್ಟರಲ್ಲಿ ಅಣ್ಣತಮ್ಮಂದಿರಲ್ಲಿ ಒಬ್ಬರು ತೀರಿಕೊಂಡು ವಾರಸುದಾರರನ್ನು ಸೇರಿಸುವ ಕೆಲಸ ಶುರುವಾಗಿರುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪಾಲಿನ ಕೇಸಿನಲ್ಲಿ, ಪ್ರಿಲಿಮಿನರಿ ಡಿಕ್ರಿ ಆದ ಕೂಡಲೇ ವಿಚಾರಣಾ ನ್ಯಾಯಾಲಯಗಳು ಸುವೋ ಮೋಟೋ ಮುಂದಿನ ಹಂತಕ್ಕೆ ಕೇಸನ್ನು ಇಡಬೇಕು ಅಂತ ಹೇಳಿದೆ. ಸುವೋ ಮೋಟೋ ಅಂದರೆ ಯಾರೂ ಅರ್ಜಿ ಹಾಕದಿದ್ದರೂ ಕೋರ್ಟ್ ತಾನಾಗಿಯೇ. ಈ ತೀರ್ಪು ನಿಮ್ಮ ವಕೀಲರಿಗೆ ನೆನಪಿಸಿ.

ಹುಬ್ಬಳ್ಳಿಯಿಂದ:
ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ ಸರ್. ಸಮನ್ಸಿನ ಮೇಲೆ 16 ಅಕ್ಷರ-ಅಂಕಿಯ ಸಿಎನ್‌ಆರ್ ನಂಬರ್ (ಕೇಸಿನ ಗುರುತಿನ ಸಂಖ್ಯೆ) ಇದ್ದರೆ ಅದನ್ನು ಹಾಕಿದರೆ ಸಾಕು, ಇಲ್ಲದಿದ್ದರೆ ಪಕ್ಷಕಾರರ ಹೆಸರಿನಿಂದ ಹುಡುಕಿ. ಓಎಸ್ ಅಂದರೆ ಅಸಲು ದಾವೆ, ಐಎ ಅಂದರೆ ಮಧ್ಯಂತರ ಅರ್ಜಿ, ಪಿಡಬ್ಲ್ಯೂ ವಾದಿ ಕಡೆ ಸಾಕ್ಷಿ, ಡಿಡಬ್ಲ್ಯೂ ನಿಮ್ಮ ಕಡೆಯದು. ಇಶ್ಯೂಸ್ ಅಂತ ಬಂದರೆ ಯಾವ ಯಾವ ಪ್ರಶ್ನೆಗೆ ಕೋರ್ಟ್ ಉತ್ತರ ಹುಡುಕಬೇಕು ಅನ್ನುವುದನ್ನು ಬರೆಯುವ ಹಂತ. ಆ ಪಟ್ಟಿ ತರಿಸಿಕೊಂಡು ಓದಿ, ಕೇಸು ಯಾವುದರ ಮೇಲೆ ನಿಂತಿದೆ ಅಂತ ಗೊತ್ತಾಗುತ್ತದೆ.

ನಾನು ಸೈಟ್ ತೆಗೆದುಕೊಳ್ಳುವಾಗಲೂ ಇದೇ ಆ್ಯಪ್ ನೋಡಿದೆ. ಇಸಿ (ಋಣಭಾರ ಪತ್ರ) ಕ್ಲೀನ್ ಆಗಿತ್ತು, ಮಾರುವವರ ಹೆಸರು ಹಾಕಿದರೆ ಪಾಲಿನ ಕೇಸು ನಡೆಯುತ್ತಿತ್ತು. ಇಸಿಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ ಮಾತ್ರ, ಕೋರ್ಟ್ ಕೇಸು ಬರುತ್ತದೆ ಅಂತ ನೆಚ್ಚಿಕೊಳ್ಳುವ ಹಾಗಿಲ್ಲ. ಇಲ್ಲೇ ಲಿಸ್ ಪೆಂಡೆನ್ಸ್ ಬರುವುದು, 1882ರ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ. ಕೇಸು ನಡೆಯುವಾಗ ಕೊಂಡರೆ ರಿಜಿಸ್ಟ್ರೇಷನ್ ಆಗಬಹುದು, ಆದರೆ ಕೊನೆಗೆ ಬರುವ ತೀರ್ಪು ಕೊಂಡವರ ಮೇಲೂ ಬೀಳುತ್ತದೆ.

ಕೋಲಾರದಿಂದ:
ಕ್ಯಾವಿಯಟ್ ಯಾರೂ ಹೇಳಲಿಲ್ಲ. ವಕೀಲರ ನೋಟಿಸ್ ಬಂದು ದಾವೆ ಇನ್ನೂ ಬಿದ್ದಿಲ್ಲ ಅನ್ನುವ ಹೊತ್ತಿನಲ್ಲಿ ಹಾಕಬೇಕಾದ್ದು ಇದು. ನಮ್ಮನ್ನು ಕೇಳದೆ ಯಾವ ಆದೇಶವನ್ನೂ ಕೊಡಬೇಡಿ ಅಂತ ಕೋರ್ಟಿಗೆ ಮೊದಲೇ ತಿಳಿಸಿ, ಎದುರಿನವರಿಗೂ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುವುದು. 90 ದಿನ ಇರುತ್ತದೆ, ಆಮೇಲೆ ಮತ್ತೆ ಹಾಕಬೇಕು. ನಮ್ಮ ಅತ್ತಿಗೆ ನೋಟಿಸ್ ಬಂದ ಕೂಡಲೇ ಹಾಕಿಸಿದ್ದರು, ಅದರಿಂದ ಮೊದಲ ದಿನವೇ ಅವರ ವಕೀಲರ ಮಾತನ್ನೂ ಕೇಳಿದರು. ನಿಮಗೆ ಈ ದಾವೆಗೆ ಹೊತ್ತು ಮೀರಿತು. ಮುಂದೆ ಆದೇಶ ನಿಮ್ಮ ಪರ ಬಂದು ಅವರು ಅಪೀಲಿಗೆ ಹೋಗುತ್ತಾರೆ ಅನಿಸಿದರೆ ಅಲ್ಲಿ ಹಾಕಬಹುದು.

ಕಲಬುರಗಿಯಿಂದ:
ಪಾಲಿನ ಜಗಳ ಒಮ್ಮೊಮ್ಮೆ ಠಾಣೆಗೆ ಹೋಗುತ್ತದೆ, ಅದಕ್ಕೆ ಎರಡು ಮಾತು. ನಾನ್ ಬೇಲಬಲ್ ಅಂದರೆ ಜಾಮೀನೇ ಸಿಗುವುದಿಲ್ಲ ಅಂತ ಮನೆಯವರು ಅಳುತ್ತಾ ಕೂರುತ್ತಾರೆ. ಹಾಗಲ್ಲ. ಬೇಲಬಲ್ ಆದರೆ ಜಾಮೀನು ನಿಮ್ಮ ಹಕ್ಕು, ಠಾಣೆಯಲ್ಲೇ ಸಿಗುತ್ತದೆ. ನಾನ್ ಬೇಲಬಲ್ ಆದರೆ ಕೋರ್ಟ್ ವಿಚಾರ ಮಾಡಿ ಕೊಡಬಹುದು, ಕೊಡದೆಯೂ ಇರಬಹುದು. ಇನ್ನು ಎನ್‌ಸಿ ಅಂತ ಬರೆದುಕೊಟ್ಟರೆ ಅದು ನಾನ್ ಕಾಗ್ನಿಸಬಲ್, ಮ್ಯಾಜಿಸ್ಟ್ರೇಟರ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಒಂದು ವಿಷಯ ಗಮನಿಸಿ, 2024ರ ಜುಲೈ 1ರಿಂದ ಕ್ರಿಮಿನಲ್ ಕೇಸು ನಡೆಸುವ ಹಳೆಯ ಕಾನೂನು ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂದಿದೆ, ಕಲಂ ನಂಬರುಗಳು ಬದಲಾಗಿವೆ. ನಿರೀಕ್ಷಣಾ ಜಾಮೀನು, ಅಂದರೆ ಬಂಧನಕ್ಕೆ ಮುಂಚೆಯೇ ಕೇಳುವ ಜಾಮೀನು, ಮೊದಲು ಕಲಂ 438, ಈಗ 482. ಹಳೆಯ ನಂಬರು ನೋಡಿ ಗೊಂದಲ ಆಗಬೇಡಿ.

ನಿವೃತ್ತ ಮೇಷ್ಟ್ರು, ದಾವಣಗೆರೆ:
ನನಗೆ ಬಹಳ ಮುಖ್ಯ ಅನಿಸುವುದು ಅಫಿಡವಿಟ್, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ. ಅಪ್ಪನವರು ಸಾಕ್ಷಿ ಹೇಳುವಾಗ ಮುಖ್ಯ ವಿಚಾರಣೆ ಅಫಿಡವಿಟ್ ರೂಪದಲ್ಲೇ ಹೋಗುತ್ತದೆ. ಅದು ಇಂಗ್ಲಿಷಿನಲ್ಲಿದ್ದರೆ ಕೆಳಗೆ ಇದನ್ನು ನನಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ, ನಾನು ಅರ್ಥ ಮಾಡಿಕೊಂಡಿದ್ದೇನೆ ಅನ್ನುವ ಸಾಲು ಇರುತ್ತದೆ. ಎಷ್ಟೋ ಜನ ಓದಿಸಿಕೊಳ್ಳದೆಯೇ ಅದರ ಕೆಳಗೆ ಸಹಿ ಹಾಕುತ್ತಾರೆ. ಆಮೇಲೆ ಪಾಟೀ ಸವಾಲಿನಲ್ಲಿ ಎದುರು ವಕೀಲರು ಅದೇ ಕಾಗದದ ನಾಲ್ಕನೇ ಪ್ಯಾರಾ ಎತ್ತಿ ಕೇಳಿದಾಗ ಬಾಯಿ ಒಣಗುತ್ತದೆ. ಊರಿನ ಎಷ್ಟೋ ಹಿರಿಯರ ಜೊತೆ ಸಾಕ್ಷಿಗೆ ಹೋಗಿ ಬಂದಿದ್ದೇನೆ, ಇದನ್ನು ಕಣ್ಣಾರೆ ಕಂಡಿದ್ದೇನೆ. ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಕನ್ನಡ ನಡೆಯುತ್ತದೆ. ಜವಾಬು, ಅಫಿಡವಿಟ್ ಕನ್ನಡದಲ್ಲೇ ಬರೆಯಿರಿ ಅಂತ ನಿಮ್ಮ ವಕೀಲರನ್ನು ಕೇಳಿ. ಹೈಕೋರ್ಟಿನ ಕಲಾಪ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷಿನಲ್ಲಿ, ಅಲ್ಲಿಗೆ ಹೋದಾಗ ಅನುವಾದ ಮಾಡಿಸಿದರಾಯಿತು. ನಿಮ್ಮ ತಂದೆ ತಮ್ಮ ಕಾಗದವನ್ನು ತಾವೇ ಓದಿ ಸಹಿ ಹಾಕುವ ಹಾಗಾಗಲಿ.

ಕೇಳಿದವರು:
ಮೇಷ್ಟ್ರೇ, ಇವತ್ತೇ ವಕೀಲರಿಗೆ ಹೇಳುತ್ತೇನೆ. ಕೊನೆಯದಾಗಿ ಒಂದು. ನಮ್ಮ ಅತ್ತೆ, ಅಪ್ಪನ ತಂಗಿ, ನಾಲ್ಕನೇ ಪ್ರತಿವಾದಿ. ಅಣ್ಣಂದಿರ ಜಗಳ ನನಗ್ಯಾಕೆ, ನಾನು ಕೋರ್ಟಿಗೆ ಬರುವುದಿಲ್ಲ ಅನ್ನುತ್ತಿದ್ದಾರೆ. ಏನಾಗುತ್ತದೆ?

ಮೈಸೂರಿನ ವಕೀಲೆ:
ಬರದಿದ್ದರೆ ಅವರನ್ನು ಎಕ್ಸ್‌ಪಾರ್ಟಿ ಮಾಡುತ್ತಾರೆ, ಅವರ ಮಾತು ದಾಖಲೆಗೆ ಬರುವುದೇ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳುತ್ತದೆ. ತಂದೆ ಆಗ ಬದುಕಿರಬೇಕಾಗಿರಲಿಲ್ಲ ಅಂತ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ವಿಭಾಗ ಆಗಿತ್ತಾ ಅಂತ ಮನೆಯಲ್ಲಿ ವಿಚಾರಿಸಿ, ಆಗಿದ್ದರೆ ಲೆಕ್ಕ ಬೇರೆ. ಪಾಲು ಬೇಕು ಅಂದರೆ ಅವರು ಬೇರೆ ದಾವೆ ಹಾಕಬೇಕಿಲ್ಲ, ಇದೇ ದಾವೆಯ ಜವಾಬಿನಲ್ಲಿ ಕೇಳಿ ಕೋರ್ಟ್ ಫೀ ಕಟ್ಟಬಹುದು. ಬೇಡ ಅಂದರೂ ಬಂದು ತಾವೇ ಹೇಳಲಿ. ಅತ್ತೆಯವರ ಜೊತೆ ನಿಮ್ಮ ತಂದೆ ಬೇಡ, ನೀವು ಮಾತಾಡಿ. ನಿಮ್ಮ ವಕೀಲರನ್ನೇ ಅವರಿಗೂ ಇಡಬೇಡಿ, ಅವರ ಹಿತ ಬೇರೆ ಆಗಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ನಿಮ್ಮ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಅಥವಾ 15100ಕ್ಕೆ ಫೋನ್ ಮಾಡಿಸಿ. ಸಮನ್ಸ್, ಆಧಾರ್ ಕಾರ್ಡ್ ತೆಗೆದುಕೊಂಡು ಮುಂದಿನ ವಾಯಿದೆಗೆ ಮುಂಚೆಯೇ ಹೋಗಲಿ.