ಇಂಜಿನ್ನನ್ನು ‘ಅಭಿವೃದ್ಧಿಪಡಿಸು’ವುದೋ, ಮತ್ತೇನೋ?

ಬಲ್ಲವರಲ್ಲಿ ಒಂದು ಕೇಳಿಕೆ.

ಪುಣೆ ಪಕ್ಕದ ಪಿಂಪ್ರಿ-ಚಿಂಚವಡದ ನಮ್ಮ ಕನ್ನಡ ಸಂಘದ ಸಂಚಿಕೆಗೆ ಚಾಕಣದಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಕಾರಿನ ಇಂಜಿನ್ನುಗಳ ಬಗ್ಗೆ ಬರೆದುಕೊಟ್ಟಿದ್ದಾನೆ. ಅದರಲ್ಲಿ ‘ಫಿಯಟ್ ಈ ಇಂಜಿನ್ನನ್ನು ಅಭಿವೃದ್ಧಿಪಡಿಸಿತು’ ಎಂಬ ವಾಕ್ಯವಿದೆ. ಕರಡು ತಿದ್ದುವ ಗದಗಿನ ಹಿರಿಯರು ಅಲ್ಲೇ ಪೆನ್ನು ಊರಿದರು: “ಊರು ಅಭಿವೃದ್ಧಿ ಆಗ್ತದ, ರಸ್ತಾ ಆಗ್ತದ. ಇಂಜಿನ್ನಿಗೆ ಎಂಥಾ ಅಭಿವೃದ್ಧಿಯೋ ತಮ್ಮಾ? ‘ಮಾಡಿತು’ ಅಂತ ಬರಿ.” (ಇಂಜಿನ್ನೋ ಎಂಜಿನ್ನೋ ಎಂಬ ಜಗಳ ಇನ್ನೊಂದು ದಿನಕ್ಕಿರಲಿ.)

‘ಮಾಡಿತು’ ಎಂದರೆ ತೊಡಕು ಬಿಡಿಸಿದಂತಾಗುವುದಿಲ್ಲ. ಹುಡುಗ ಬರೆದದ್ದು 1248 ಸಿಸಿಯ, ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್ನಿನ ಕಥೆ. ಫಿಯಟ್ ಅದನ್ನು ಮಲ್ಟಿಜೆಟ್ ಎಂದಿತು. ಸುಜುಕಿ ಪರವಾನಗಿ ಪಡೆದು ಹರಿಯಾಣದ ಮಾನೇಸರದಲ್ಲಿ ತಯಾರಿಸಿತು. ಮಾರುತಿ ಸ್ವಿಫ್ಟಿನಲ್ಲಿ ಅದರ ಹೆಸರು ಡಿಡಿಐಎಸ್. ಟಾಟಾದ ಇಂಡಿಕಾ ವಿಸ್ಟಾದಲ್ಲಿ ಕ್ವಾಡ್ರಾಜೆಟ್. ಅದು ಬಂದದ್ದು ಇಲ್ಲೇ ಪುಣೆ ಹತ್ತಿರದ ರಾಂಜಣಗಾವಿನ ಫಿಯಟ್-ಟಾಟಾ ಜಂಟಿ ಕಾರ್ಖಾನೆಯಿಂದ. ‘ಮಾಡಿದ್ದು ಯಾರು?’ ಎಂದು ಕೇಳಿದರೆ ಮೂವರೂ ಕೈ ಎತ್ತಬಹುದು. ಗ್ಯಾರೇಜಿನವರಿಗೆ ಈ ಗೊಂದಲವೇ ಇಲ್ಲ. ಸ್ವಿಫ್ಟಿನ ಬಾನೆಟ್ ಎತ್ತಿ “ಇದು ಫಿಯಟ್ ಇಂಜಿನ್” ಅನ್ನುತ್ತಾರೆ, ಕ್ರಿಯಾಪದದ ಗೊಡವೆಗೇ ಹೋಗುವುದಿಲ್ಲ.

ಇದೇ ಇಂಜಿನ್ನಿನೊಳಗಿರುವ ಕಾಮನ್ ರೇಲ್ ವಿಷಯಕ್ಕೆ ಬಂದರೆ ಗಂಟು ಇನ್ನೂ ಬಿಗಿ. ಎಲ್ಲ ಸಿಲಿಂಡರಿಗೂ ಸೇರಿ ಒಂದೇ ಕೊಳವೆಯಲ್ಲಿ ಭಾರೀ ಒತ್ತಡದಲ್ಲಿ ಡೀಸೆಲ್ ತುಂಬಿಟ್ಟು, ಬೇಕಾದ ಕ್ಷಣಕ್ಕೆ ಚಿಮ್ಮಿಸುವ ಏರ್ಪಾಟು ಅದು. ಫಿಯಟ್ ಬಳಗ ಅದನ್ನು ಕಾರಿಗೆ ಒಗ್ಗುವ ಮಟ್ಟಕ್ಕೆ ತಂದು, ವಾಹನದ ಬಿಡಿಭಾಗ ಮಾಡುವ ಜರ್ಮನಿಯ ಬಾಷ್‌ ಕಂಪನಿಗೆ ಮಾರಿತು. ಕಾರ್ಖಾನೆಯಲ್ಲಿ ರಾಶಿಗಟ್ಟಲೆ ತಯಾರಿಸುವ ಹದಕ್ಕೆ ತಂದದ್ದು ಬಾಷ್. 1997ರಲ್ಲಿ ಆಲ್ಫಾ ರೋಮಿಯೊ 156 ಅದನ್ನು ಹೊತ್ತು ರಸ್ತೆಗಿಳಿಯಿತು. ಇಲ್ಲಿ ದೇವಕಿಯೂ ಇದ್ದಾಳೆ, ಯಶೋದೆಯೂ ಇದ್ದಾಳೆ. ಇಂಗ್ಲಿಷು ಇಬ್ಬರಿಗೂ ‘ಡೆವಲಪ್’ ಎಂಬ ಒಂದೇ ಸೀರೆ ಉಡಿಸುತ್ತದೆ. ಮರಾಠಿಯವರ ‘ವಿಕಸಿತ’ವೂ ಅದೇ ಸೀರೆಯ ಇನ್ನೊಂದು ಬಣ್ಣ.

ನಾವು ಹಾಕಿ ನೋಡಿದ ಪದಗಳು ಇವು. ‘ರೂಪಿಸು’ ಚೆನ್ನಾಗಿದೆ, ಆದರೆ ನಕ್ಷೆ ಬರೆದು ಕೈತೊಳೆದುಕೊಂಡ ಹಾಗೆ ಕೇಳುತ್ತದೆ. ‘ಬೆಳೆಸು’ ಅಂದರೆ ಇಂಜಿನ್ನೇ ದೊಡ್ಡದಾಯಿತೇನೋ ಅನ್ನಿಸುತ್ತದೆ. ‘ಕಟ್ಟು’ ನನಗೆ ಇಷ್ಟ; ಆದರೆ ಮೆಕ್ಯಾನಿಕ್ಕುಗಳು ಅದನ್ನು ಆಗಲೇ ಹಿಡಿದುಕೊಂಡಿದ್ದಾರೆ: “ಇಂಜಿನ್ ಕೆಲಸಕ್ಕೆ ಬಂದೈತ್ರಿ, ಇವತ್ತು ಬಿಚ್ಚಿ ನಾಳೆ ಕಟ್ತೀವಿ.” ‘ಪಳಗಿಸು’ ಎಂದು ನಾನು ಸೂಚಿಸಿದೆ. ಪರೀಕ್ಷೆಯ ಕಟ್ಟೆಯ (ಟೆಸ್ಟ್ ಬೆಂಚ್) ಮೇಲೆ ದಿನಗಟ್ಟಲೆ ಓಡಿಸಿ, ಒಡೆದದ್ದನ್ನು ತಿದ್ದಿ, ಮತ್ತೆ ಓಡಿಸುವ ಆ ದುಡಿಮೆ ಅದರಲ್ಲಿ ಬರುತ್ತದೆ. ಹಿರಿಯರು ನಕ್ಕುಬಿಟ್ಟರು: “ಹೋರಿ ಏನೋ ಅದು?”

ಅವರ ನಗುವಿನಿಂದಲೇ ನನ್ನ ಪ್ರಶ್ನೆ ಹುಟ್ಟಿದ್ದು. ನಮ್ಮ ಬಡಿಗರು ಹೊಸ ಕೂರಿಗೆ ಮಾಡಿದರೆ ಹೊಲದಲ್ಲಿ ಹೂಡಿ ನೋಡಿ, ತಾಳಿನ ಓರೆ ತಿದ್ದಿ, ಮತ್ತೆ ಹೂಡಿ, ಬೀಜ ಸರಿಯಾಗಿ ಬೀಳುವವರೆಗೂ ಬಿಡುತ್ತಿರಲಿಲ್ಲ. ಆ ಇಡೀ ಕೆಲಸಕ್ಕೆ ನಿಮ್ಮ ಕಡೆ ಒಂದೇ ಮಾತು ಇದೆಯೇ? ಇದ್ದರೆ ಯಾವ ಸೀಮೆಯದು, ಯಾರ ಬಾಯಲ್ಲಿ ಕೇಳಿದ್ದು ಎಂಬುದನ್ನೂ ತಿಳಿಸಿ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಹತ್ತು ದಿನ ಇದೆ.