ಕೂದಲಿಲ್ಲದ ಬೆಕ್ಕು ಮನೆಗೆ ಬರುವ ಹಾಗಿದೆ, ಸಾಕಿದವರು ಯಾರಾದರೂ ಇದ್ದೀರಾ?

ರಸಬಾಳೆ, ಮೈಸೂರು

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿ ಸ್ಫಿಂಕ್ಸ್ ಬೆಕ್ಕು ಸಾಕಿದ್ದಾಳೆ. ಅದೇ, ಮೈಮೇಲೆ ಕೂದಲೇ ಇಲ್ಲದೆ ಸುಕ್ಕು ಸುಕ್ಕಾಗಿರುತ್ತದಲ್ಲ, ಆ ಜಾತಿ. ಹೆಸರು ಗುಂಡ. ಮೂರು ವರ್ಷದ ಗಂಡು, ಮರಿಯಾಗದ ಹಾಗೆ ಆಪರೇಷನ್ ಆಗಿದೆ. ಅವಳಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿ ಮುಂದಿನ ತಿಂಗಳು ಹೊರಡುತ್ತಿದ್ದಾಳೆ. "ಅಣ್ಣಾ, ನೀನೇ ಇಟ್ಕೋ, ಬೇರೆಯವರಿಗೆ ಕೊಡೋಕೆ ಮನಸ್ಸು ಬರ್ತಿಲ್ಲ" ಅಂತ ದಿನಾ ಫೋನು.

ನನಗೂ ಆಸೆ ಇದೆ. ಆದರೆ ನನ್ನ ಹೆಂಡತಿಗೆ ಬೆಕ್ಕು ಅಂದರೆ ಸೀನು. ಪಕ್ಕದ ಮನೆ ಬೆಕ್ಕು ನಮ್ಮ ಸೋಫಾ ಮೇಲೆ ಹತ್ತು ನಿಮಿಷ ಮಲಗಿ ಎದ್ದು ಹೋದರೂ ಸಂಜೆ ಹೊತ್ತಿಗೆ ಇವಳ ಕಣ್ಣು ಕೆಂಪಗಾಗಿ ಮೂಗು ಸುರಿಯಲು ಶುರು. ಕೂದಲಿದ್ದರೆ ತಾನೇ ಅಲರ್ಜಿ, ಇದಕ್ಕೆ ಕೂದಲೇ ಇಲ್ವಲ್ಲ ಅನ್ನುತ್ತಾಳೆ ತಂಗಿ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ನಿಜಾನಾ?

ಅಮ್ಮ ಫೋಟೋ ನೋಡಿ ಮೊದಲು ಕೇಳಿದ್ದು "ಇದೇನು ತಿರುಪತಿಗೆ ಹೋಗಿ ಬಂದಿದೆಯಾ?" ಅಂತ. ಆಮೇಲೆ ಪಾಪ ಅನ್ನಿಸಿರಬೇಕು, ವಾರಕ್ಕೊಂದು ಸಲ ಕೊಬ್ಬರಿ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಹಚ್ಚಿ ಬಿಸಿನೀರು ಹಾಕಿದರೆ ಕೂಸಿನ ಹಾಗೆ ಬೆಳೆಯುತ್ತದೆ ಎನ್ನುತ್ತಿದ್ದಾರೆ. ಹೂಂ ಅನ್ನಲೋ ಉಹುಂ ಅನ್ನಲೋ ಗೊತ್ತಾಗುತ್ತಿಲ್ಲ. ಕೂದಲು ಉದುರುವ ರಗಳೆ ಇಲ್ಲದ ಮೇಲೆ ಕೆಲಸವೂ ಕಡಿಮೆ ಅಂದುಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ.

ಎರಡು ಬೆಕ್ಕಿನ ಅಮ್ಮ, ಬೆಂಗಳೂರು

ಕೆಲಸ ಕಡಿಮೆ ಅಂದಿರಲ್ಲ, ಅಲ್ಲೇ ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಹತ್ತಿರ ಐದು ವರ್ಷದಿಂದ ಒಂದು ಸ್ಫಿಂಕ್ಸ್ ಇದೆ, ಜೊತೆಗೆ ಬೀದಿಯಿಂದ ತಾನಾಗೇ ಬಂದು ಸೇರಿಕೊಂಡ ಒಂದು ನಾಡು ಬೆಕ್ಕೂ ಇದೆ. ನಾಡು ಬೆಕ್ಕಿಗೆ ನಾನು ಸ್ನಾನ ಮಾಡಿಸಿದ್ದು ಒಂದೇ ಸಲ, ಅದೂ ಪೇಂಟ್ ಡಬ್ಬಕ್ಕೆ ಕಾಲು ಹಾಕಿಕೊಂಡು ಬಂದಾಗ. ಸ್ಫಿಂಕ್ಸ್‌ಗೆ ಪ್ರತಿ ಭಾನುವಾರ.

ಎಲ್ಲದಕ್ಕೂ ಕಾರಣ ಜಿಡ್ಡು. ಎಲ್ಲ ಬೆಕ್ಕಿನ ಚರ್ಮವೂ ಎಣ್ಣೆ ಬಿಡುತ್ತದೆ, ಬೇರೆಯವುಗಳಲ್ಲಿ ಅದು ಕೂದಲಿಗೆ ಹರಡಿಹೋಗುತ್ತದೆ. ಇವಕ್ಕೆ ಕೂದಲಿಲ್ಲ, ಹಾಗಾಗಿ ಚರ್ಮದ ಮೇಲೇ ನಿಂತು, ಧೂಳು ಹಿಡಿದು, ನಿಮ್ಮ ಬಿಳಿ ಬೆಡ್‌ಶೀಟಿನ ಮೇಲೆ ಬೆಕ್ಕು ಮಲಗಿದ ಆಕಾರದಲ್ಲೇ ಕಂದು ಕಲೆ ಬಿಡುತ್ತದೆ. ನಮ್ಮನೆ ಸೋಫಾದ ಒಂದು ಮೂಲೆ ದೋಸೆ ಕಾವಲಿ ಆಗಿಹೋಗಿದೆ.

ಆದ್ದರಿಂದ ಅಮ್ಮನಿಗೆ ಕೈಮುಗಿದು ಹೇಳಿ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಮೊದಲೇ ಜಿಡ್ಡಾಗಿರುವುದಕ್ಕೆ ಇನ್ನಷ್ಟು ತಿಕ್ಕಿದರೆ ಗದ್ದದ ಕೆಳಗೆ, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ, ಗುಳ್ಳೆ ಏಳುತ್ತವೆ. ನಾನು ಆಫೀಸಿಗೆ ಹೋಗಿದ್ದಾಗ ನಮ್ಮತ್ತೆ ಒಂದು ಸಲ ಅರಿಸಿನ ಹಚ್ಚಿಬಿಟ್ಟಿದ್ದರು. ಎಷ್ಟು ತೊಳೆದರೂ ಹೋಗಲಿಲ್ಲ, ವಾರವೆಲ್ಲ ನಮ್ಮ ಬೆಕ್ಕು ಮದುಮಗನ ಹಾಗೆ ಹಳದಿಯಾಗಿ ಓಡಾಡಿಕೊಂಡಿತ್ತು.

ಸ್ನಾನಕ್ಕೆ ಅಗಲದ ಟಬ್ ತಗೊಳ್ಳಿ, ತಳಕ್ಕೆ ಹಳೇ ಟವೆಲ್ ಹಾಸಿ. ಇಲ್ಲದಿದ್ದರೆ ಕಾಲು ಜಾರಿ ಗಾಬರಿಯಾಗಿ ನಿಮ್ಮ ತೋಳು ಹತ್ತುತ್ತದೆ. ನೀರು ಬೆಚ್ಚಗಿದ್ದರೆ ಸಾಕು. ಬೆಕ್ಕಿಗೆಂದೇ ಬರುವ ಶಾಂಪೂ, ಪರಿಮಳ ಇಲ್ಲದ್ದು. ಮೆತ್ತನೆ ಬಟ್ಟೆಯಲ್ಲಿ ಕತ್ತಿನ ಮಡಿಕೆ, ಕಂಕುಳು, ಬೆರಳು ಸಂದಿ ಎಲ್ಲ ಒರೆಸಬೇಕು. ಉಗುರಿನ ಬುಡ ಮರೆಯಬೇಡಿ, ಅಲ್ಲಿ ಸೈಕಲ್ ಚೈನಿನ ಗ್ರೀಸಿನ ಹಾಗೆ ಕಪ್ಪಗೆ ಕೂತಿರುತ್ತದೆ. ಕಿವಿಯೊಳಗೂ ಕೂದಲಿಲ್ಲ, ಗುಗ್ಗೆ ಬೇಗ ಕಟ್ಟುತ್ತದೆ. ಪಶುವೈದ್ಯರು ಕೊಡುವ ಲಿಕ್ವಿಡ್ ಹತ್ತಿಗೆ ಹಾಕಿ ಕಣ್ಣಿಗೆ ಕಾಣುವಷ್ಟು ಮಾತ್ರ ಒರೆಸಿ, ಕಡ್ಡಿ ಗಿಡ್ಡಿ ಒಳಗೆ ತೂರಿಸಬೇಡಿ. ರೆಪ್ಪೆಗೂದಲೂ ಇಲ್ಲ, ಹಾಗಾಗಿ ಕಣ್ಣಲ್ಲಿ ಗೀಜು ಜಾಸ್ತಿ, ಅದು ದಿನಾ ಬೆಳಿಗ್ಗೆಯ ಕೆಲಸ. ಹಾಗಂತ ದಿನಾ ಸ್ನಾನ ಮಾಡಿಸಲು ಹೋಗಬೇಡಿ, ಚರ್ಮ ಒಣಗಿ ಕೆರೆತ ಶುರುವಾಗುತ್ತದೆ.

ಚಳಿ ತಡೆಯಲ್ಲ. ಡಿಸೆಂಬರಿನಲ್ಲಿ ಹಳೇ ಹತ್ತಿ ಬನಿಯನ್ ಕತ್ತರಿಸಿ ಹಾಕುತ್ತೇನೆ, ಎರಡು ದಿನಕ್ಕೊಮ್ಮೆ ಬದಲಾಯಿಸಬೇಕು, ಅದೂ ಜಿಡ್ಡಾಗುತ್ತದೆ. ಬೆಚ್ಚಗಿರುವ ಕಡೆ ಹುಡುಕಿಕೊಂಡು ಹೋಗುವುದು ಇವುಗಳ ಚಾಳಿ, ಗ್ಯಾಸ್ ಒಲೆ, ದೇವರ ಮನೆ ದೀಪ ಹುಷಾರು. ಬಿಸಿಲಲ್ಲೂ ಚರ್ಮ ಸುಡುತ್ತದೆ, ಮಧ್ಯಾಹ್ನ ಬಾಲ್ಕನಿ ಬಾಗಿಲು ಹಾಕಿ. ಮೈ ಬೆಚ್ಚಗಿಟ್ಟುಕೊಳ್ಳುವುದಕ್ಕೇ ಶಕ್ತಿ ಖರ್ಚಾಗುತ್ತದೆ, ಹಾಗಾಗಿ ನಮ್ಮ ನಾಡು ಬೆಕ್ಕಿಗಿಂತ ಇದರ ಊಟ ಕಣ್ಣಿಗೆ ಕಾಣುವಷ್ಟು ಜಾಸ್ತಿ.

ಅಲರ್ಜಿ ವಿಷಯ ಡಾಕ್ಟರ್ ಯಾರಾದರೂ ಹೇಳಲಿ.

ನೇರ ಮಾತು, ಹುಬ್ಬಳ್ಳಿ

ಅಲ್ರೀ, ಲ್ಯಾಬಿನಾಗ ಕೂದಲು ತೆಗೆದು ಬೆಕ್ಕು ಮಾಡೋದು, ಆಮೇಲೆ ಅದಕ್ಕ ಬನಿಯನ್ ತೊಡಿಸೋದು, ಇದ್ಯಾವ ಶೋಕಿ? ಇಡೀ ಊರ ತುಂಬ ಬೆಕ್ಕಿನ ಮರಿ ಗಟಾರದ ಪಕ್ಕ ಕೂಗ್ಯಾಡ್ತಾವ, ಒಂದನ್ನ ತಂದು ಹಾಲು-ಅನ್ನ ಹಾಕಿದರೆ ಆಯಿತು. ಈಜಿಪ್ಟಿನ ರಾಜರ ಬೆಕ್ಕು ಅಂತ ಹೇಳಿ ಸಾವಿರಗಟ್ಟಲೆ ರೊಕ್ಕ ತಗೋತಾರ, ನಾವು ಕೊಡ್ತೇವಿ.

ಎರಡು ಬೆಕ್ಕಿನ ಅಮ್ಮ, ಬೆಂಗಳೂರು

ಸರ್, ಬೀದಿ ಬೆಕ್ಕಿನ ಮಾತು ಪೂರ್ತಿ ಒಪ್ಪಿದೆ. ಆದರೆ ಈಜಿಪ್ಟೂ ಅಲ್ಲ, ಲ್ಯಾಬೂ ಅಲ್ಲ. 1966ರಲ್ಲಿ ಕೆನಡಾದ ಟೊರಾಂಟೊದಲ್ಲಿ ಒಂದು ಮಾಮೂಲಿ ಮನೆ ಬೆಕ್ಕಿಗೆ ಕೂದಲಿಲ್ಲದ ಮರಿ ಹುಟ್ಟಿತು, ಪ್ರೂನ್ ಅಂತ ಹೆಸರಿಟ್ಟರು. ತಾನಾಗೇ ಆದ ಜೀನ್ ಬದಲಾವಣೆ. ಆಮೇಲೆ ಅಮೆರಿಕದ ಮಿನೆಸೋಟದಲ್ಲೂ ಟೊರಾಂಟೊದಲ್ಲೂ ಅಂಥವೇ ಇನ್ನಷ್ಟು ಮರಿ ಸಿಕ್ಕವು, ಈಗಿನವು ಅವುಗಳ ವಂಶ. ಹುಟ್ಟಿದ್ದು ತಾನಾಗಿ, ಅದನ್ನು ಜಾತಿ ಮಾಡಿ ಬೆಳೆಸಿದ್ದು ನಾವು. ಅದು ಸರಿಯೇ ಅಂತ ಕೇಳಿದರೆ ನನ್ನ ಹತ್ತಿರವೂ ಉತ್ತರ ಇಲ್ಲ. ನಾನು ಇನ್ನೊಂದನ್ನು ದುಡ್ಡು ಕೊಟ್ಟು ತರುವುದಿಲ್ಲ. ಇವರು ಕೇಳುತ್ತಿರುವುದು ಈಗಾಗಲೇ ಬದುಕಿರುವ ಗುಂಡನ ಬಗ್ಗೆ. ಮತ್ತೆ ಹಾಲು ಎಷ್ಟೋ ದೊಡ್ಡ ಬೆಕ್ಕುಗಳಿಗೆ ಜೀರ್ಣ ಆಗಲ್ಲ ಸರ್, ಹೊಟ್ಟೆ ಕೆಡುತ್ತದೆ.

ಪಶುವೈದ್ಯೆ, ಶಿವಮೊಗ್ಗ

ಅಲರ್ಜಿ ಬರುವುದು ಕೂದಲಿನಿಂದ ಅಲ್ಲ. ಬೆಕ್ಕಿನ ಎಂಜಲಿನಲ್ಲಿ, ಚರ್ಮದ ಜಿಡ್ಡಿನಲ್ಲಿ ಇರುವ ಪ್ರೋಟೀನಿನಿಂದ. ಅದರಲ್ಲಿ ಮುಖ್ಯವಾದದ್ದರ ಹೆಸರು ಫೆಲ್ ಡಿ 1. ಸ್ಫಿಂಕ್ಸ್‌ನಲ್ಲೂ ಅದು ಇದೆ. ಕೂದಲು ಮನೆ ತುಂಬ ಹಾರುವುದಿಲ್ಲ ಅನ್ನುವುದು ಒಂದೇ ವ್ಯತ್ಯಾಸ. ಕೆಲವರಿಗೆ ಸ್ವಲ್ಪ ಕಡಿಮೆ ಅನ್ನಿಸಬಹುದು, ಕೆಲವರಿಗೆ ನೇರ ಚರ್ಮಕ್ಕೆ ತಗುಲಿ ಜಾಸ್ತಿಯೇ ಆಗಬಹುದು. ನಿಮ್ಮ ಮನೆಯವರು ತೀರ್ಮಾನಕ್ಕೆ ಮೊದಲು ಗುಂಡನ ಜೊತೆ ಎರಡು ಮೂರು ದಿನ ಇದ್ದು ನೋಡಲಿ. ಉಬ್ಬಸ ಇದ್ದರೆ ಈ ಪ್ರಯೋಗವೂ ಬೇಡ, ಮೊದಲು ಅವರ ಡಾಕ್ಟರನ್ನು ಕೇಳಿ.

ನನಗೆ ಸ್ನಾನಕ್ಕಿಂತ ದೊಡ್ಡ ಚಿಂತೆ ಹೃದಯ. ಈ ಜಾತಿಯಲ್ಲಿ ಎಚ್‌ಸಿಎಂ, ಅಂದರೆ ಹೃದಯದ ಗೋಡೆ ದಪ್ಪಗಾಗುವ ಕಾಯಿಲೆ ಹೆಚ್ಚು. ತಿಂದುಂಡು ಆಡಿಕೊಂಡಿರುವ ಬೆಕ್ಕು ಒಂದು ದಿನ ಇದ್ದಕ್ಕಿದ್ದಂತೆ ಹಿಂಗಾಲು ಎಳೆಯುತ್ತಾ ಚೀರುತ್ತದೆ, ರಕ್ತ ಹೆಪ್ಪುಗಟ್ಟಿ ಕಾಲಿನ ನಾಳಕ್ಕೆ ಸಿಕ್ಕಿಕೊಂಡಿರುತ್ತದೆ. ಸ್ಟೆತಾಸ್ಕೋಪಿನಲ್ಲಿ ಎಲ್ಲವೂ ಕೇಳಿಸುವುದಿಲ್ಲ, ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿಸಲೇಬೇಕು. ವರ್ಷಕ್ಕೊಂದು ಸಲ ಆದರೆ ಒಳ್ಳೆಯದು. ತಂಗಿಯನ್ನು ಎಕೋ ರಿಪೋರ್ಟ್ ಇದೆಯಾ ಅಂತ ಇವತ್ತೇ ಕೇಳಿ. ಮನೆಯಲ್ಲಿ ನೀವು ಮಾಡಬಹುದಾದದ್ದು ಇಷ್ಟು: ಗುಂಡ ಗಾಢವಾಗಿ ನಿದ್ದೆ ಮಾಡುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಹೊಟ್ಟೆ ಏರಿಳಿಯುತ್ತದೆ ಎಣಿಸಿ. ಮತ್ತೆ ಮತ್ತೆ 30 ದಾಟುತ್ತಿದ್ದರೆ ಕಾಯಬೇಡಿ.

ಇನ್ನೊಂದು, ಮೈ ಮುಟ್ಟಿದರೆ ಕೆಂಡ ಇದ್ದ ಹಾಗಿರುತ್ತದೆ, ಜ್ವರ ಅಂದುಕೊಂಡು ಪ್ಯಾರಾಸಿಟಮಾಲ್ ಕೊಟ್ಟುಬಿಟ್ಟೀರಿ. ಬೆಕ್ಕುಗಳ ಮೈ ಬಿಸಿಯೇ 38ರಿಂದ 39 ಡಿಗ್ರಿ, ಇದರಲ್ಲಿ ನಡುವೆ ಕೂದಲಿಲ್ಲ, ಅದಕ್ಕೆ ನಿಮಗೆ ಗೊತ್ತಾಗುತ್ತದೆ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಫಿನೈಲ್ ಹಾಕಿ ಒರೆಸಿದ ನೆಲವೂ ಒಳ್ಳೆಯದಲ್ಲ, ನಡೆದ ಪಾದವನ್ನೇ ನೆಕ್ಕುತ್ತದೆ.

ಕೊಡೆ ಮರೆತವ, ಐಂಡ್‌ಹೋವನ್

ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಕೂದಲಿಲ್ಲದ ಬೆಕ್ಕನ್ನು ಹೊಸದಾಗಿ ಸಾಕುವುದನ್ನೇ 2026ರ ಜನವರಿ 1ರಿಂದ ನಿಷೇಧಿಸಿದ್ದಾರೆ. ಅದಕ್ಕೂ ಮೊದಲೇ ಇದ್ದು, ಚರ್ಮದಡಿ ಗುರುತಿನ ಚಿಪ್ ಹಾಕಿಸಿದವುಗಳನ್ನು ಮಾತ್ರ ಕೊನೇವರೆಗೆ ಇಟ್ಟುಕೊಳ್ಳಬಹುದು. ಚಳಿ, ಬಿಸಿಲು ಅಲ್ಲದೆ ಮೀಸೆ ಇಲ್ಲದಿರುವುದನ್ನೂ ಕಾರಣವಾಗಿ ಹೇಳುತ್ತಾರೆ. ಬೆಕ್ಕು ಕತ್ತಲಲ್ಲಿ ದಾರಿ ತಿಳಿಯುವುದು ಮೀಸೆಯಿಂದ, ಇವಕ್ಕೆ ಅದು ಇರುವುದೇ ಇಲ್ಲ, ಇದ್ದರೂ ಮುರುಟಿಕೊಂಡಿರುತ್ತದೆ.

ಆದರೆ ನಾನು ಕೇಳಬೇಕು ಅಂದುಕೊಂಡದ್ದೇ ಬೇರೆ. ನಿಮ್ಮ ತಂಗಿ ಗುಂಡನನ್ನು ಯಾಕೆ ಕರೆದುಕೊಂಡು ಹೋಗುತ್ತಿಲ್ಲ? ಜರ್ಮನಿಯಲ್ಲಿ ಇಂಥ ತಳಿ ಬೆಳೆಸುವುದಕ್ಕೆ ಕಾನೂನಿನ ತಡೆ ಇದೆ, ಸಾಕುವುದಕ್ಕಲ್ಲ. ಗುಂಡನಿಗೆ ಆಪರೇಷನ್ ಬೇರೆ ಆಗಿದೆ. ಭಾರತದಿಂದ ಬರುವ ಬೆಕ್ಕಿಗೆ ಮೊದಲು ಮೈಕ್ರೋಚಿಪ್, ಆಮೇಲೆ ರೇಬಿಸ್ ಲಸಿಕೆ (ಈ ಕ್ರಮ ತಪ್ಪಬಾರದು), ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆದು ಯುರೋಪಿನವರು ಒಪ್ಪಿದ ಲ್ಯಾಬಿನಲ್ಲಿ ಪರೀಕ್ಷೆ, ರಕ್ತ ತೆಗೆದ ದಿನದಿಂದ 3 ತಿಂಗಳು ಕಾಯಬೇಕು. ಒಟ್ಟು ನಾಲ್ಕು ತಿಂಗಳ ಮೇಲೆ. ಮುಂದಿನ ತಿಂಗಳು ಹೊರಡುವವರಿಗೆ ಅಷ್ಟು ಹೊತ್ತಿಲ್ಲ, ಅದಕ್ಕೇ ಕೈಬಿಟ್ಟಿರಬೇಕು. ಬೇಕಾಗಿರುವುದು ಅಷ್ಟು ದಿನ ನೋಡಿಕೊಳ್ಳುವವರು ಮಾತ್ರ, ಅಲ್ವಾ? ಟಿಕೆಟ್ ಮಾತ್ರ ಆಮ್‌ಸ್ಟರ್‌ಡ್ಯಾಮ್ ಮೇಲೆ ಬೇಡ, ಸೀದಾ ಜರ್ಮನಿಗೇ ಮಾಡಿಸಿ.

ರಸಬಾಳೆ, ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಶುಕ್ರವಾರ ಹೋಗಿ ಗುಂಡನನ್ನು ಕರೆದುಕೊಂಡು ಬಂದೆ, ಮೂರು ದಿನದ ಮಟ್ಟಿಗೆ ಅಂತ.

ಮೊದಲ ಸಲ ಮುಟ್ಟಿದಾಗ ಕೈ ಹಿಂದಕ್ಕೆ ಎಳೆದುಕೊಂಡೆ, ನಿಜ ಹೇಳಬೇಕಲ್ಲ. ಸೀಬೆ ಎಲೆಯ ಹಿಂಬದಿ ಸವರಿದ ಹಾಗೆ, ಸಣ್ಣ ನವಿರು. ಕಿಟಕಿ ಹತ್ತಿರ ಕೂತಾಗ ಬೆಳಕು ಕಿವಿಯಲ್ಲಿ ಹಾದುಬಂದು ಒಳಗಿನ ನರ ಒಂದೊಂದೂ ಕಾಣಿಸುತ್ತದೆ. ಅಮ್ಮ ಮುಟ್ಟಿದವರೇ "ಅಯ್ಯೋ ಜ್ವರ ಕಾಯ್ತಿದೆ ಕಣೋ" ಅಂತ ಒದ್ದೆ ಬಟ್ಟೆ ತರಲು ಓಡಿದರು. ಡಾಕ್ಟರ್ ಮೇಡಂ ಬರೆದದ್ದು ಓದಿ ಹೇಳಿದೆ, ಅರ್ಧ ನಂಬಿದ್ದಾರೆ.

ಹೆಂಡತಿಗೆ ಮೊದಲ ದಿನ ಏನೂ ಆಗಲಿಲ್ಲ, ನನಗೆ ಖುಷಿಯೋ ಖುಷಿ. ಎರಡನೇ ದಿನ ಸಂಜೆ ಗುಂಡ ಅವಳ ಮೊಣಕೈ ಹತ್ತಿರ ನೆಕ್ಕಿದ, ಅರ್ಧ ಗಂಟೆಯಲ್ಲಿ ಅಲ್ಲೇ ದದ್ದು, ಆಮೇಲೆ ಸೀನು. ಪಕ್ಕದ ಮನೆ ಬೆಕ್ಕಿನಷ್ಟಿಲ್ಲ, ಆದರೂ ಇದೆ. ವರ್ಷಗಟ್ಟಲೆ ಆಗುವ ಮಾತಲ್ಲ ಅಂತ ಅವಳೇ ಬೇಜಾರಿನಲ್ಲಿ ಹೇಳಿದಳು.

ಐಂಡ್‌ಹೋವನ್ ಅಣ್ಣ ಹೇಳಿದ್ದು ತಂಗಿಗೆ ಕಳಿಸಿದೆ. ಅವಳನ್ನು ಯಾರೋ ಏಜೆಂಟ್ ಆಗೋದೇ ಇಲ್ಲ ಅಂತ ಹೇಳಿ ಸಾಗಹಾಕಿದ್ದನಂತೆ. ಚಿಪ್ ಹಾಕಿಸಿದ್ದಾಳೆ, ಆದರೆ ಲಸಿಕೆ ಹಾಕಿಸಿದ್ದು ಅದಕ್ಕೂ ಮೊದಲು, ಹಾಗಾಗಿ ಮತ್ತೆ ಮೊದಲಿಂದ. ಐದು ತಿಂಗಳು ಅಂತ ಹಿಡಿದುಕೊಂಡಿದ್ದೇವೆ. ಅಷ್ಟು ದಿನ ಗುಂಡ ಅಮ್ಮನ ರೂಮಿನಲ್ಲಿ, ನಮ್ಮ ರೂಮಿನ ಬಾಗಿಲು ಹಾಕಿರುತ್ತೆ. ಎಕೋ ಮಾಡಿಸಿಯೇ ಇರಲಿಲ್ಲ, ಗುರುವಾರಕ್ಕೆ ಹೇಳಿದ್ದಾರೆ. ನಿನ್ನೆ ರಾತ್ರಿ ನಿದ್ದೆಯಲ್ಲಿ ಉಸಿರು ಎಣಿಸಿದೆ, 22 ಬಂತು. ಕೊಬ್ಬರಿ ಎಣ್ಣೆ ಬಾಟಲಿ ಬೀರು ಮೇಲಿಟ್ಟಿದ್ದೇನೆ.

ಆದರೆ ಅಮ್ಮನ ಹಾಸಿಗೆಯ ಬಿಳಿ ಹೊದಿಕೆ ಮೇಲೆ ಆಗಲೇ ಗುಂಡನ ಆಕಾರ ಬಂದಿದೆ. ಸೋಪಿನಪುಡಿಗೆ ಹೋಗುತ್ತಿಲ್ಲ. ಏನು ಹಾಕಬೇಕು?

ಎರಡು ಬೆಕ್ಕಿನ ಅಮ್ಮ, ಬೆಂಗಳೂರು

ಪಾತ್ರೆ ತೊಳೆಯುವ ಲಿಕ್ವಿಡ್ ಕಲೆ ಮೇಲೆ ನೇರವಾಗಿ ಹಾಕಿ ಅರ್ಧ ಗಂಟೆ ಬಿಡಿ, ಆಮೇಲೆ ಬಿಸಿನೀರಲ್ಲಿ ಒಗೆಯಿರಿ. ಹೋಗುತ್ತದೆ. ಐದು ತಿಂಗಳಿಗೆ ಬಿಳಿ ಎಲ್ಲ ಒಳಗಿಟ್ಟು, ಆ ಕಾಫಿಪುಡಿ ಬಣ್ಣದ ಹೊದಿಕೆ ಸಿಗುತ್ತದಲ್ಲ, ಅದನ್ನು ಎರಡು ತಂದಿಡಿ. ಗುರುವಾರ ಎಕೋದಲ್ಲಿ ಏನು ಬಂತು ಇಲ್ಲೇ ಬರೆಯಿರಿ.